ನೀರಿನ ಮೇಲೆ ಎಳೆದ ಗಡಿ

ನದಿ ಎಂದರೆ ನಿಸರ್ಗವೇ ಎರಡು ದೇಶಗಳ ನಡುವೆ ಹಾಕಿಕೊಟ್ಟ ಬೇಲಿ ಎಂಬ ನಂಬಿಕೆ ಬಲವಾಗಿದೆ. ಅದು ಶುದ್ಧ ತಪ್ಪು. ಬಯಲಿನಲ್ಲಿ ಹರಿಯುವ ನದಿ ಒಂದು ಕಡೆ ನಿಲ್ಲುವುದೇ ಇಲ್ಲ.

ಒಂದು ಲೋಟ ನೀರಿಗೆ ಚಿಟಿಕೆ ಚಹಾಪುಡಿ ಹಾಕಿ, ಅದು ನೆನೆದು ತಳಕ್ಕಿಳಿದ ಮೇಲೆ ಚಮಚದಿಂದ ಗಿರ್ರನೆ ತಿರುಗಿಸಿ ಬಿಡಿ. ಪುಡಿ ಅಂಚಿಗೆ ಹೋಗುವುದಿಲ್ಲ, ತಳದ ನಡುವೆ ಗುಡ್ಡೆಯಾಗುತ್ತದೆ! ಸುತ್ತುವ ನೀರು ಹೊರಕ್ಕೆ ಒತ್ತಿಕೊಂಡು ಅಂಚಿನಲ್ಲಿ ತುಸು ಏರಿರುತ್ತದೆ. ಆ ಏರಿನ ಒತ್ತಡ ಎಲ್ಲ ನೀರನ್ನೂ ನಡುವಿಗೆ ತಳ್ಳುತ್ತದೆ. ರಭಸದಲ್ಲಿರುವ ಮೇಲಿನ ನೀರು ಮಣಿಯುವುದಿಲ್ಲ. ತಳದ ನೀರು ತಿಕ್ಕಾಟದಿಂದ ನಿಧಾನವಾಗಿರುತ್ತದೆ, ಅದು ಪುಡಿಯನ್ನೂ ಎಳೆದುಕೊಂಡು ಒಳಕ್ಕೆ ಜಾರುತ್ತದೆ. 1926ರಲ್ಲಿ ಐನ್‌ಸ್ಟೈನ್ ಇದೇ ಉದಾಹರಣೆಯಿಂದ ನದಿಯ ಅಂಕುಡೊಂಕನ್ನು ವಿವರಿಸಿದರು. ನದಿಯ ತಿರುವು ಅರ್ಧ ಲೋಟವಿದ್ದಂತೆ. ನೀರು ಹಗ್ಗ ಹೊಸೆದಂತೆ ಸುರುಳಿಯಾಗಿ ಸಾಗುತ್ತ ಹೊರದಂಡೆಯ ಬುಡ ಕೊರೆಯುತ್ತದೆ, ಒಳದಂಡೆಗೆ ಮರಳು ಪೇರಿಸುತ್ತದೆ. ತಿರುವು ತೀರಾ ಬಾಗಿದಾಗ ಒಂದು ದೊಡ್ಡ ನೆರೆ ಸಾಕು, ನದಿ ಅದರ ಕುತ್ತಿಗೆ ಕಡಿದು ನೇರ ದಾರಿ ಹಿಡಿಯುತ್ತದೆ.

1848ರ ಒಪ್ಪಂದದಲ್ಲಿ ಅಮೆರಿಕ, ಮೆಕ್ಸಿಕೊಗಳು ರಿಯೊ ಗ್ರಾಂಡೆ ನದಿಯ ನಡುಮಧ್ಯವೇ ಗಡಿ ಎಂದವು. ಉತ್ತರದಂಡೆಯಲ್ಲಿರುವ ಅಮೆರಿಕದ ಎಲ್ ಪಾಸೊ ನಗರದ ಬಳಿ ನದಿ ದಕ್ಷಿಣಕ್ಕೆ ಸರಿಯುತ್ತ ಹೋಯಿತು, 1864ರ ನೆರೆಯಲ್ಲಿ ಇನ್ನಷ್ಟು ಹಾರಿತು. ಮೆಕ್ಸಿಕೊದ ಚಮಿಸಾಲ್ ಜಮೀನು ಉತ್ತರದಂಡೆಗೆ ಬಂತು. ಯಾರದು ಅದು? 1884ರ ಒಪ್ಪಂದದ ನಿಯಮ ಹೀಗಿತ್ತು: ನದಿ ಮೆಲ್ಲಗೆ ಕೊರೆದು ಸರಿದರೆ ಗಡಿಯೂ ಜೊತೆಗೆ ಸರಿಯುತ್ತದೆ, ಹಠಾತ್ತನೆ ಹಾರಿದರೆ ಹಳೆಯ ಪಾತ್ರದಲ್ಲೇ ಉಳಿಯುತ್ತದೆ. ಓದಲು ಸೊಗಸು, ಆದರೆ ನೆಲದ ಮೇಲೆ ಮೆಲ್ಲಗೆ ಎಲ್ಲಿ ಮುಗಿದು ಹಠಾತ್ ಎಲ್ಲಿ ಶುರುವಾಯಿತು? 1911ರಲ್ಲಿ ಪಂಚಾಯ್ತಿ ನಡೆದು, 1864ರ ನೆರೆಗೆ ಮುಂಚಿನ ಪಾತ್ರವೇ ಗಡಿ ಎಂದು ತೀರ್ಪಾಯಿತು. ಆ ಪಾತ್ರವನ್ನು ಈಗ ಗುರುತಿಸಲಾಗದು ಎಂದು ಅಮೆರಿಕ ಒಪ್ಪಲಿಲ್ಲ.

ಇತ್ಯರ್ಥವಾದದ್ದು 1963ರ ಒಪ್ಪಂದದಿಂದ. ಎಲ್ ಪಾಸೊ ಕಡೆಯ ಸುಮಾರು 630 ಎಕರೆ ಮೆಕ್ಸಿಕೊಗೆ ಹೋಯಿತು, 193 ಎಕರೆ ಅಮೆರಿಕಕ್ಕೆ ಬಂತು. ಸುಮಾರು 7 ಕಿಲೋಮೀಟರ್ ಉದ್ದಕ್ಕೆ ನದಿಗೇ ಕಾಂಕ್ರೀಟ್ ಕಾಲುವೆ ಕಟ್ಟಿದರು. ಅಲ್ಲಿ ಈಗ ಹೊರದಂಡೆಯಲ್ಲಿ ಕೊರೆಯಲು ಮಣ್ಣಿಲ್ಲ. ಆದರೆ ಆ ಕಾಲುವೆಗಾಗಿ, ಆ 630 ಎಕರೆಗಾಗಿ ಎಲ್ ಪಾಸೊದ ಸಾವಿರಾರು ಜನ ಮನೆ ಖಾಲಿ ಮಾಡಬೇಕಾಯಿತು.