ಶಟಲ್ ಯಾಕ ಕಳಸಲಿಲ್ಲ? ಮತ್ತೊಮ್ಮೆ ಹೇಳ್ತೀನಿ, ಕೇಳ್ರಿ

ಪ್ರಶ್ನೆ: ಸರ್, ಸ್ಟಾರ್ ಟ್ರೆಕ್ ಅನ್ನೋ ಹಳೇ ಬಾಹ್ಯಾಕಾಶ ಹಡಗಿನ ಟಿವಿ ಸೀರಿಯಲ್‌ನ್ಯಾಗ 'ದಿ ಎನಿಮಿ ವಿದಿನ್' ಎಪಿಸೋಡ್ ನೋಡಿದೆ. ಹಡಗಿನಿಂದ ಗ್ರಹಕ್ಕ ಮಂದೀನ, ಸಾಮಾನನ್ನ ಕ್ಷಣದಾಗ ಕಳಸೋ ಯಂತ್ರ, ಟ್ರಾನ್ಸ್‌ಪೋರ್ಟರ್, ಕೆಟ್ಟೈತಿ, ಹಡಗಿನ ಅಧಿಕಾರಿ ಸುಲು ಮತ್ತ ಅವನ ಸಂಗಡಿಗರು ಕೆಳಗ ಗ್ರಹದ ಮ್ಯಾಲ ಥಂಡಿಗೆ ಸೆಟದು ಸಾಯಾಕತ್ತಾರ. ಶಟಲ್ ಅಂದ್ರ ಹಡಗಿನ ಸಣ್ಣ ವಿಮಾನ ಕಳಿಸಿ ಕರಕೊಂಡು ಬರಬೇಕಿತ್ತಲ್ಲ? ರೈಟರ್ ಮರತಬಿಟ್ನೇನ್ರಿ?

ಈ ಪ್ರಶ್ನೆಗೆ ಎಷ್ಟ ಸಲ ಉತ್ತರ ಕೊಟ್ಟೀನೋ ಲೆಕ್ಕ ಇಲ್ಲ, ಆದ್ರೂ ಪ್ರತಿ ವಾರ ಒಬ್ಬರಾದ್ರೂ "ಮರತಾನ" ಅಂತಾನ ಶುರು ಮಾಡ್ತೀರಿ. ಮರತಿಲ್ಲರೀ. ಮರಿಯಾಕ ಮೊದಲ ಆ ವಸ್ತು ಇರಬೇಕಲ್ಲ! ಈ ಎಪಿಸೋಡ್ ಟಿವಿಯೊಳಗ ಬಂದದ್ದು 1966ರ ಅಕ್ಟೋಬರ್ 6ಕ್ಕ. ಶಟಲ್ಲೇ ಕಥಿ ಆಗಿರೋ 'ದಿ ಗೆಲಿಲಿಯೋ ಸೆವೆನ್' ಬಂದದ್ದು 1967ರ ಜನವರಿ 5ಕ್ಕ. ಸುಲು ನಡುಗಾಕತ್ತಿದ್ದಾಗ ಸ್ಟುಡಿಯೋದಾಗ ಶಟಲ್ ಸೆಟ್ಟೂ ಇರಲಿಲ್ಲ, ನೋಡೋ ಮಂದಿಗೆ ಅಂಥಾದೊಂದು ಇರತೈತಿ ಅಂತ ಗೊತ್ತೂ ಇರಲಿಲ್ಲ. ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದಾದ್ರೂ ಯಾಕ? ವಾರಾ ವಾರಾ ಅಷ್ಟ ದೊಡ್ಡ ಹಡಗು ಗ್ರಹದ ಮ್ಯಾಲ ಇಳಿಸೋದು ತೋರಸಾಕ ರೊಕ್ಕ ಸಾಲಂಗಿಲ್ಲ ಅಂತ. ಶಟಲ್ ಮುಂದ ಎಎಂಟಿ ಅನ್ನೋ ಮಾಡೆಲ್ ಕಿಟ್ ಕಂಪನಿ ಖರ್ಚು ಹಾಕಿದ ಮ್ಯಾಲ ತಯಾರಾತು.

ನಮ್ಮೂರಿನ ಲೆಕ್ಕದಾಗ ಹೇಳ್ತೀನಿ. 1966ರಾಗ ಬಾಗಲಕೋಟಿ ಹಳೇ ಊರಾಗ ನಡಿಯೋ ಒಂದು ಕಥಿ ಐತಿ ಅನ್ರಿ, ಹೊಳಿ ಬಂದು ಮನಿಗೆ ನೀರು ಹೊಕ್ಕೈತಿ. ಅದನ್ನ ಇವತ್ತ ಓದಿ "ನವನಗರಕ್ಕ ಯಾಕ ಹೋಗಲಿಲ್ಲ, ಅಲ್ಲಿ ಸೆಕ್ಟರ್ ಸೆಕ್ಟರ್ ಜಾಗಾ ಐತೆಲ್ಲ" ಅಂತ ಕೇಳತೀರೇನು? ಆಗ ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಬಿದ್ದು ಎರಡು ವರ್ಷ ಆಗಿತ್ತು ಅಷ್ಟ, ಅದರ ಹಿನ್ನೀರಿಗೆ ಊರು ಬಿಟ್ಟವರಿಗಂತ ಕಟ್ಟಿದ ನವನಗರ ಎಲ್ಲಿತ್ತು? ಕಥಿ ಬರದವನ ತಪ್ಪಲ್ಲ ಅದು, ಊರು ಆಮ್ಯಾಲ ಬೆಳದದ್ದು.

ಇನ್ನೊಂದ ಮಾತು, ರಿಚರ್ಡ್ ಮ್ಯಾಥ್ಸನ್ ಈ ಎಪಿಸೋಡಿಗೆ ಮೊದಲ ಬರದ ಕಥಿಯೊಳಗ ಈ ಥಂಡಿ ಪ್ರಸಂಗನ ಇರಲಿಲ್ಲ. ಟ್ರಾನ್ಸ್‌ಪೋರ್ಟರ್ ಕೆಟ್ಟು ಹಡಗಿನ ಕ್ಯಾಪ್ಟನ್ ಕರ್ಕ್ ಒಬ್ಬಾಂವ ಇಬ್ಬರಾಗಿ ಒಡಿತಾನ, ಒಬ್ಬ ಮೆತ್ತಗ, ಒಬ್ಬ ರಾಕ್ಷಸ, ಅಷ್ಟ ಇತ್ತು. ಸುಲು ಕೆಳಗ ಸಿಕ್ಕಹಾಕ್ಕೊಳ್ಳೋದು ಆಮ್ಯಾಲ ತಿದ್ದುವಾಗ ಸೇರಿದ್ದು.

ಕೆಟ್ಟ ಕರ್ಕ್‌ನ ಮಾರಿ ಮ್ಯಾಲಿನ ಉಗುರಿನ ಗೀರು ಒಂದ ಶಾಟ್‌ನ್ಯಾಗ ಇನ್ನೊಂದ ಗಲ್ಲಕ್ಕ ಹೋಗಿರತೈತಿ, ಫಿಲ್ಮ್ ತಿರುವಿ ಹಾಕ್ಯಾರ. ಅದು ಕಂಟಿನ್ಯುಯಿಟಿ ತಪ್ಪು, ಕಥಿಗೆ ಏನೂ ಆಗಂಗಿಲ್ಲ. ಇದನ್ನೂ ಪ್ಲಾಟ್ ಹೋಲ್, ಅಂದ್ರ ಕಥಿಯೊಳಗಿನ ತೂತು, ಅನಬ್ಯಾಡ್ರಿ.

ಖರೇ ತೂತು ಬೇಕಂದ್ರ ನಾ ತೋರಸ್ತೀನಿ, ನೀವ್ಯಾರೂ ಹಿಡಿದಿಲ್ಲ. ರಾತ್ರಿ ಶೂನ್ಯಕ್ಕಿಂತ 120 ಡಿಗ್ರಿ ಕೆಳಗ ಇಳಿತೈತಿ ಅಂತಾರ. ಹೀಟರ್ ಕಳಸ್ತಾರ, ಕೆಟ್ಟ ಟ್ರಾನ್ಸ್‌ಪೋರ್ಟರ್ ಅವನ್ನೂ ಎರಡೆರಡು ಮಾಡತೈತಿ, ಕೆಲಸ ಮಾಡಂಗಿಲ್ಲ. ಸರಿ, ಹೀಟರ್‌ದಾಗ ಮಷೀನ್ ಇರತೈತಿ, ಕೆಡತೈತಿ. ಆದ್ರ ಹೊದಿಕಿ? ನಮ್ಮ ಆಯಿ ಹಳೇ ಇಳಕಲ್ ಸೀರಿ ಪದರ ಪದರ ಹಾಕಿ ಹೊಲದ ಕೌದಿ ನಮ್ಮನ್ಯಾಗ ಇನ್ನೂ ಐತಿ, ಒಂದ ಮೂಲಿ ಹರದು ಅರಳಿ ಹೊರಗ ಬಂದೈತಿ, ಆದ್ರೂ ಪುಷ್ಯ ಮಾಸದ ಥಂಡಿಗೆ ಅದ ಬೇಕು. ಅಂಥಾದೊಂದನ್ನ ಟ್ರಾನ್ಸ್‌ಪೋರ್ಟರ್ ಎರಡು ಮಾಡಿದ್ರ ಏನಾಗತೈತಿ? ಎರಡು ಕೌದಿ! ಕೌದಿಗೆ ಒಳ್ಳೇ ಗುಣ ಕೆಟ್ಟ ಗುಣ ಅಂತ ಬ್ಯಾರೆ ಆಗಾಕ ಬರಂಗಿಲ್ಲ. ದಪ್ಪನ್ನ ಹೊದಿಕಿ ಒಂದ ರಾಶಿ ಇಳಿಸಿದ್ರ ಜೀವ ಉಳಿತಿತ್ತೋ ಇಲ್ಲೋ, ಕಡೀಪಕ್ಷ ಇಳಸೋಣು ಅಂತ ಒಬ್ಬರಾದ್ರೂ ಅನಬೇಕಿತ್ತು. ಅನ್ನಂಗಿಲ್ಲ. 1966ರಾಗೂ ಅದು ತೂತ, ಇವತ್ತೂ ತೂತ.

ಇದ ಎಪಿಸೋಡ್‌ದಾಗ ಇನ್ನೊಂದ ಐತಿ, ಯಾರೂ ಕೇಳಿಲ್ಲ. ಹಡಗಿನ ಅಧಿಕಾರಿ ಸ್ಪಾಕ್, ವಲ್ಕನ್ ಅನ್ನೋ ಬ್ಯಾರೆ ಗ್ರಹದ ಕುಲದಾಂವ, ಹೆಗಲ ಹತ್ರ ಒತ್ತಿ ಮಂದೀನ ಕೆಡವತಾನಲ್ಲ, ಅದು ಹುಟ್ಟಿದ್ದ ಇಲ್ಲಿ. ಸ್ಕ್ರಿಪ್ಟ್‌ದಾಗ ಹಿಂದಿನಿಂದ ತಲಿಗೆ ಹೊಡಿ ಅಂತಿತ್ತು, ವಲ್ಕನ್ ಹಂಗ ಬಡದಾಡೋದು ಛಂದ ಕಾಣಂಗಿಲ್ಲ ಅಂತ ಸ್ಪಾಕ್ ಪಾತ್ರ ಮಾಡಿದ ಲಿಯೊನಾರ್ಡ್ ನಿಮೋಯ್ ಅವರೇ ಈ ಪಟ್ಟು ಸೂಚಿಸಿದ್ರು. ಆದ್ರ ಮಂದಿ ಮೊದಲ ನೋಡಿದ್ದು ಇದರಾಗಲ್ಲ, ಒಂದು ವಾರ ಮೊದಲ, ಸೆಪ್ಟೆಂಬರ್ 29ಕ್ಕ ಬಂದ 'ದಿ ನೇಕೆಡ್ ಟೈಮ್'ನ್ಯಾಗ. ಅದನ್ನ ಶೂಟ್ ಮಾಡಿದ್ದು ಇದರ ಆಮ್ಯಾಲ, ಟಿವಿಗೆ ಬಂದದ್ದು ಮೊದಲ.