755ಓ, 762ಓ? ಹ್ಯಾಂಕ್ ಆರನ್ ದಾಖಲೆಯ ಮುಗಿಯದ ಲೆಕ್ಕ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಯಾರದ್ದು ಅಂತ ಕೇಳಿ ನೋಡಿ. ದಾಖಲೆ ಪುಸ್ತಕ ತೆಗೆದರೆ ಬ್ಯಾರಿ ಬಾಂಡ್ಸ್, 762. ಅಭಿಮಾನಿಗಳಲ್ಲಿ ಎಷ್ಟೋ ಮಂದಿಗೆ ಇವತ್ತಿಗೂ ಹ್ಯಾಂಕ್ ಆರನ್, 755. ಜಪಾನಿನ ಲೀಗ್ ಹಿಡಿದರೆ ಸದಾಹರು ಓ, 868. ಒಂದು ಎಣಿಕೆ ಇಷ್ಟು ಗೋಜಲಾಗಿದ್ದು ಹೇಗೆ?

ಹೋಮ್ ರನ್ ಅಂದರೆ ನಮ್ಮ ಸಿಕ್ಸರ್‌ಗೆ ಅಣ್ಣ ಅಂದುಕೊಳ್ಳಿ. ಚೆಂಡು ಬೇಲಿ ದಾಟಿದರೆ ಬ್ಯಾಟರ್ ನಾಲ್ಕೂ ಬೇಸ್ ಮುಟ್ಟಿ ಆರಾಮಾಗಿ ಸುತ್ತು ಹಾಕಿ ಬರಬಹುದು. ಅಪರೂಪವಾಗಿದ್ದ ಈ ಹೊಡೆತವನ್ನು ಜನರ ಹುಚ್ಚಾಗಿಸಿದವರು ಬೇಬ್ ರೂತ್. 1920ರ ಸೀಸನ್‌ನಲ್ಲಿ 54, 1927ರಲ್ಲಿ 60, 1935ರಲ್ಲಿ ಆಟ ಬಿಡುವಾಗ ಒಟ್ಟು 714. ಆ ಕಾಲಕ್ಕೆ ಮೇಜರ್ ಲೀಗ್‌ಗೆ, ಅಂದರೆ ಅಮೆರಿಕದ ಅಗ್ರ ಲೀಗ್‌ಗೆ, ಕಪ್ಪು ಆಟಗಾರರನ್ನು ಸೇರಿಸುತ್ತಿರಲಿಲ್ಲ. ಜೋಶ್ ಗಿಬ್ಸನ್ ಅವರಂಥ ಹೊಡೆತಗಾರರು ಕಪ್ಪು ಆಟಗಾರರದ್ದೇ ಆದ ನೀಗ್ರೋ ಲೀಗ್‌ನಲ್ಲೇ ಆಡಿ ಮುಗಿಸಿದರು. 714ರ ಪಕ್ಕದಲ್ಲಿ ಈ ಮಾತನ್ನು ಯಾರೂ ಬರೆದಿಡಲಿಲ್ಲ.

ಪಕ್ಕದಲ್ಲಿ ಟಿಪ್ಪಣಿ ಬರೆಯುವ ಚಟ ಶುರುವಾಗಿದ್ದು 1961ರಲ್ಲಿ. ರೋಜರ್ ಮಾರಿಸ್ 61 ಹೊಡೆದು ರೂತ್ ಅವರ ಸೀಸನ್ ದಾಖಲೆ ಮುರಿದರು. ಆದರೆ ಆ ವರ್ಷ ಪಂದ್ಯಗಳು 154ರಿಂದ 162ಕ್ಕೆ ಏರಿದ್ದವು. ಹಾಗಾಗಿ ಎರಡನ್ನೂ ಬೇರೆ ಬೇರೆ ನಮೂದಿಸಬೇಕು ಅಂತ ಬೇಸ್‌ಬಾಲ್‌ನ ಮುಖ್ಯಸ್ಥರಾದ ಕಮಿಷನರ್ ಹೇಳಿದರು. ಅವರು ಹಿಂದೊಮ್ಮೆ ರೂತ್ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದವರು, ಅದು ಬೇರೆ ಮಾತು. ಈ ಎರಡು ಸಾಲಿನ ಲೆಕ್ಕ 1991ರವರೆಗೂ ಉಳಿಯಿತು.

ಈಗ ಆರನ್ ವಿಷಯಕ್ಕೆ ಬರೋಣ. ಹುಟ್ಟಿದ್ದು 1934ರಲ್ಲಿ, ಅಲಬಾಮಾ ರಾಜ್ಯದ ಮೊಬೈಲ್ ಅನ್ನುವ ಊರಿನಲ್ಲಿ. 1952ರಲ್ಲಿ ಕೆಲ ಕಾಲ ನೀಗ್ರೋ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡ, 1954ರಿಂದ ಮಿಲ್ವಾಕಿ ಬ್ರೇವ್ಸ್. ಇವರು ಅಬ್ಬರದ ಆಟಗಾರರಲ್ಲ. ಯಾವ ಸೀಸನ್‌ನಲ್ಲೂ 50 ಮುಟ್ಟಲಿಲ್ಲ, 47 ಅಷ್ಟೇ ಅತಿ ಹೆಚ್ಚು. ಆದರೆ 15 ಸೀಸನ್‌ಗಳಲ್ಲಿ 30ಕ್ಕೆ ಕಡಿಮೆ ಇಲ್ಲದಂತೆ ಹೊಡೆದರು. ಸುಮ್ನೆ ಬ್ಯಾಂಕಿಗೆ ಕಂತು ಕಟ್ಟಿದ ಹಾಗೆ. ಹೀಗಾಗಿ ಅವರು ರೂತ್ ಹತ್ತಿರಕ್ಕೆ ಬಂದಿದ್ದು ತುಂಬಾ ಜನರ ಗಮನಕ್ಕೆ ಬಂದಿದ್ದೇ ತಡವಾಗಿ.

1966ರಲ್ಲಿ ತಂಡ ದಕ್ಷಿಣದ ಅಟ್ಲಾಂಟಾಗೆ ಬಂದಿತ್ತು. 1973ರ ಸೀಸನ್ ಮುಗಿದಾಗ ಆರನ್ ಲೆಕ್ಕ 713ಕ್ಕೆ ನಿಂತಿತು. ಸಮ ಮಾಡಲು ಇನ್ನೊಂದೇ ಬಾಕಿ, ಅದಕ್ಕೆ ಚಳಿಗಾಲವೆಲ್ಲ ಕಾಯಬೇಕು. ಆ ವರ್ಷ ಅವರಿಗೆ ಬಂದ ಪತ್ರಗಳು ಸುಮಾರು 9,30,000. ಬೆನ್ನು ತಟ್ಟಿದವರು ಬೇಕಾದಷ್ಟಿದ್ದರು. ಆದರೆ ಬಿಳಿಯರೊಬ್ಬರ ದಾಖಲೆ ಮುರಿದರೆ ಕೊಲ್ಲುತ್ತೇವೆ ಅಂತ ಬರೆದವರೂ ಕಡಿಮೆ ಇರಲಿಲ್ಲ. ಪೊಲೀಸ್ ಕಾವಲು ಹಾಕಬೇಕಾಯಿತು. ಹೋಟೆಲುಗಳಲ್ಲಿ ಬೇರೆ ಹೆಸರಿನಲ್ಲಿ ಉಳಿದುಕೊಳ್ಳಬೇಕಾಯಿತು. ಅವರು ಆ ಪತ್ರಗಳನ್ನು ಎಸೆಯಲಿಲ್ಲ, ಇಟ್ಟುಕೊಂಡರು.

1974ರ ಸೀಸನ್ ಸಿನ್ಸಿನಾಟಿಯಲ್ಲಿ ಶುರುವಾಯಿತು. ದಾಖಲೆ ತವರಲ್ಲೇ ಆಗಲಿ, ಟಿಕೆಟ್ಟೂ ಮಾರಾಟವಾಗಲಿ ಅಂತ ಅಲ್ಲಿನ ಮೂರು ಪಂದ್ಯಗಳಿಗೆ ಅವರನ್ನು ಕೂರಿಸಲು ತಂಡ ಯೋಚಿಸಿತ್ತು. ಕಡೇಪಕ್ಷ ಎರಡರಲ್ಲಿ ಆಡಿಸಲೇಬೇಕು ಅಂತ ಆಗಿನ ಕಮಿಷನರ್ ಹೇಳಿದರು. ಏಪ್ರಿಲ್ 4ರಂದು ಆರನ್ ಮೊದಲ ಸಲ ಬ್ಯಾಟ್ ಬೀಸಿದರು, ಅದೇ 714.

ಏಪ್ರಿಲ್ 8, ಅಟ್ಲಾಂಟಾ, 53,775 ಜನ. ನಾಲ್ಕನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ ತಂಡದ ಆಲ್ ಡೌನಿಂಗ್ ಎಸೆದ ಚೆಂಡು ಎಡಗಡೆಯ ಬೇಲಿಯಾಚೆ ಹೋಗಿ ಬಿತ್ತು. ಆರನ್ ಬೇಸ್ ಸುತ್ತುತ್ತಿರುವಾಗ ಇಬ್ಬರು ಹುಡುಗರು ಅಂಗಳಕ್ಕೆ ನುಗ್ಗಿ ಬೆನ್ನು ತಟ್ಟುತ್ತಾ ಜೊತೆಗೆ ಓಡಿದರು. ಗ್ಯಾಲರಿಯಲ್ಲಿದ್ದ ಅಂಗರಕ್ಷಕನ ಬಳಿ ಬೈನಾಕ್ಯುಲರ್ ಚೀಲದಲ್ಲಿ ರಿವಾಲ್ವರ್ ಇತ್ತು. ಆತ ಅದನ್ನು ತೆಗೆಯಲಿಲ್ಲ. ಅಪ್ಪಟ ಖುಷಿಯ ಆ ದೃಶ್ಯವನ್ನು ಈ ವಿಷಯ ಗೊತ್ತಾದ ಮೇಲೆ ನೋಡಿದರೆ ಎದೆ ಝಲ್ ಅನ್ನುತ್ತದೆ. ತಾಯಿ ಬಂದು ಮಗನನ್ನು ಗಟ್ಟಿಯಾಗಿ ತಬ್ಬಿಕೊಂಡರು. ಕಮಿಷನರ್ ಆ ರಾತ್ರಿ ಬೇರೆ ಊರಿನಲ್ಲಿದ್ದರು. ಸದ್ಯ, ಮುಗಿಯಿತಲ್ಲ, ದೇವರು ದೊಡ್ಡವನು ಅನ್ನುವ ಅರ್ಥದ ಮಾತು ಆರನ್ ಬಾಯಿಂದ ಬಂತು. ಸಂಭ್ರಮದ ಹೊತ್ತಿನಲ್ಲಿ ಆಡುವ ಮಾತಾ ಅದು?

1976ರಲ್ಲಿ 755ಕ್ಕೆ ಆಟ ನಿಲ್ಲಿಸಿದರು. ಹೋಮ್ ರನ್ ಅಷ್ಟೇ ನೋಡಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ಆ 755ನ್ನು ಪೂರ್ತಿ ಕಳೆದರೂ 3,016 ಹಿಟ್, ಅಂದರೆ ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತಗಳು, ಉಳಿಯುತ್ತವೆ. 2,297 ಆರ್‌ಬಿಐ, ಅಂದರೆ ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ತಂದ ರನ್, ಇವತ್ತಿಗೂ ದಾಖಲೆ.

ಆಮೇಲೆ ಸ್ಟೆರಾಯ್ಡ್ ಕಾಲ. 1998ರಲ್ಲಿ ಮಾರ್ಕ್ ಮೆಗ್ವಾಯರ್ 70, ಸ್ಯಾಮಿ ಸೋಸಾ 66. 2001ರಲ್ಲಿ ಬಾಂಡ್ಸ್ 73. ಕ್ರೀಡಾಂಗಣ ತುಂಬುತ್ತಿದ್ದವು, ಟಿವಿಯವರಿಗೂ ಖುಷಿ, ತೋಳುಗಳು ಯಾಕೆ ಇಷ್ಟು ದಪ್ಪಗಾದವು ಅಂತ ಕೇಳುವ ತುರ್ತು ಯಾರಿಗೂ ಇರಲಿಲ್ಲ. ಸಿಕ್ಕಿಬಿದ್ದವರಿಗೆ ಶಿಕ್ಷೆ ಅಂತ ಶುರುವಾಗಿದ್ದು 2004ರಲ್ಲಿ. 2007ರ ಆಗಸ್ಟ್ 7ರಂದು ಬಾಂಡ್ಸ್ 756 ಹೊಡೆದಾಗ ಆರನ್ ಅಲ್ಲಿರಲಿಲ್ಲ. ಮೊದಲೇ ರೆಕಾರ್ಡ್ ಮಾಡಿದ ಅವರ ಅಭಿನಂದನೆ ದೊಡ್ಡ ಪರದೆಯ ಮೇಲೆ ಬಂತು. ಗೊತ್ತಿದ್ದೂ ಸ್ಟೆರಾಯ್ಡ್ ತೆಗೆದುಕೊಂಡಿಲ್ಲ ಅನ್ನುವುದು ಬಾಂಡ್ಸ್ ಹೇಳಿಕೆ. ಈ ತನಿಖೆಯಲ್ಲಿ ಅವರು ನ್ಯಾಯಕ್ಕೆ ಅಡ್ಡಿ ಮಾಡಿದರು ಅನ್ನುವ ಕೋರ್ಟ್ ತೀರ್ಪು 2015ರಲ್ಲಿ ರದ್ದಾಯಿತು.

ಆ 756ನೇ ಚೆಂಡನ್ನು ಕೊಂಡ ಫ್ಯಾಷನ್ ಉದ್ಯಮಿ ಜನರ ವೋಟು ಕೇಳಿ, ಅದರ ಮೇಲೆ ಪಕ್ಕದ ಟಿಪ್ಪಣಿ ಸೂಚಿಸುವ ನಕ್ಷತ್ರದ ಗುರುತು (*) ಕೆತ್ತಿಸಿ, ಶ್ರೇಷ್ಠ ಆಟಗಾರರನ್ನು ಗೌರವಿಸುವ ಮ್ಯೂಸಿಯಂ ಆದ ಹಾಲ್ ಆಫ್ ಫೇಮ್‌ಗೆ ಕೊಟ್ಟರು. ಅಲ್ಲಿ ಸೇರಲು ಬಾಂಡ್ಸ್ ಅವರಿಗೆ ಮಾತ್ರ 2022ರಲ್ಲಿ ಬೇಸ್‌ಬಾಲ್ ಪತ್ರಕರ್ತರ ಕೊನೆಯ ಮತದಾನದಲ್ಲೂ ಸಿಕ್ಕಿದ್ದು ಶೇ. 66, ಬೇಕಿದ್ದದ್ದು ಶೇ. 75. ಆರನ್ 1982ರಲ್ಲೇ ಶೇ. 97.8 ಮತ ಪಡೆದು ಒಳಗೆ ಹೋಗಿದ್ದರು. ನನ್ನನ್ನು ಕೇಳಿದರೆ ಆ ಉಳಿದ ಒಂಬತ್ತು ಮತದಾರರೇ ದೊಡ್ಡ ಒಗಟು.

ಆರನ್ 2021ರ ಜನವರಿ 22ರಂದು ತೀರಿಕೊಂಡರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಮೇಜರ್ ಲೀಗ್ ಸಂಸ್ಥೆ ನೀಗ್ರೋ ಲೀಗ್‌ಗಳನ್ನೂ ಮೇಜರ್ ಅಂತ ಒಪ್ಪಿಕೊಂಡಿತ್ತು. 2024ರಲ್ಲಿ ಅಲ್ಲಿನ ಅಂಕಿಗಳು ಅಧಿಕೃತ ಪುಸ್ತಕಕ್ಕೆ ಸೇರಿದವು. ಜೋಶ್ ಗಿಬ್ಸನ್ ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂದರು. ಆದರೆ ಸೇರಿಸಿದ್ದು 1920ರಿಂದ 1948ರವರೆಗಿನ ಆಟವನ್ನು ಮಾತ್ರ. ಆರನ್ ಕ್ಲೌನ್ಸ್‌ಗೆ ಆಡಿದ್ದು 1952ರಲ್ಲಿ. ಅಲ್ಲಿ ಅವರು ಹೊಡೆದ ಹೋಮ್ ರನ್‌ಗಳು 755ರಲ್ಲಿ ಇಲ್ಲ.