ಸ್ಕ್ಯಾನ್ ಮುಗಿದ ಮೇಲೆ ಉಳಿಯುವ ಕಸ

1895ರಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಎಷ್ಟೋ ದಶಕ ಆಸ್ಪತ್ರೆಗಳಲ್ಲಿ ಫಿಲ್ಮ್‌ನದೇ ಕಾರುಬಾರು. ಫಿಲ್ಮ್ ಮೇಲೆ ಬೆಳ್ಳಿಯ ಲವಣದ ಲೇಪ ಇರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆಯುವಾಗ ಚಿತ್ರಕ್ಕೆ ಬೇಡವಾದ ಬೆಳ್ಳಿ ಕರಗಿ ಫಿಕ್ಸರ್ ದ್ರಾವಣಕ್ಕೆ ಸೇರುತ್ತಿತ್ತು. ಹಾಗೇ ಚರಂಡಿಗೆ ಬಿಟ್ಟರೆ ಮೀನಿಗೆ ವಿಷ. ಆದರೆ ಬೆಳ್ಳಿಗೆ ಬೆಲೆ ಇತ್ತಲ್ಲ, ಬಳಸಿದ ಫಿಕ್ಸರ್‌ನಲ್ಲಿ ಕರೆಂಟ್ ಹರಿಸಿ ಬೆಳ್ಳಿ ತೆಗೆಯತೊಡಗಿದರು. ಹಳೇ ಫಿಲ್ಮನ್ನೂ ಗುಜರಿಯವರು ಕೇಳಿ ಕೊಂಡರು. ಆಮೇಲೆ ಬಂದ ಕಸಕ್ಕೆ ಕೊಳ್ಳುವವರೇ ಇರಲಿಲ್ಲ. ಈಗಿನ ತೊಂದರೆಯ ಬೇರು ಅಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ.

ಎಂಆರ್‌ಐನಲ್ಲಿ ಗೆಡ್ಡೆ, ರಕ್ತನಾಳ ಚೆನ್ನಾಗಿ ಕಾಣಲಿ ಎಂದು ಕೆಲವರಿಗೆ ಗ್ಯಾಡೊಲಿನಿಯಂ ಎಂಬ ಲೋಹ ಇರುವ ಔಷಧಿ ಚುಚ್ಚುತ್ತಾರೆ. ಬರೀ ಗ್ಯಾಡೊಲಿನಿಯಂ ವಿಷ. ಅದಕ್ಕೇ ಅದನ್ನು ಇನ್ನೊಂದು ಅಣುವಿನಲ್ಲಿ ಬಿಗಿಯಾಗಿ ಕಟ್ಟಿಟ್ಟಿರುತ್ತಾರೆ. ಕಿಡ್ನಿ ಸರಿಯಿದ್ದರೆ ಒಂದು ದಿನದೊಳಗೆ ಹೆಚ್ಚಿನ ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ರೋಗಿಗೆ ಒಳ್ಳೆಯದೇ. ಆದರೆ ಆ ಕಟ್ಟು ಎಷ್ಟು ಬಿಗಿ ಅಂದರೆ, ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲೂ ಬಿಚ್ಚುವುದಿಲ್ಲ. ಔಷಧಿ ಹಾಗೇ ನದಿ ಸೇರುತ್ತದೆ.

1996ರಲ್ಲಿ ಜರ್ಮನಿಯ ಮೈಕೆಲ್ ಬಾವ್ ಮತ್ತು ಪೀಟರ್ ಡುಲ್ಸ್ಕಿ ಇದನ್ನು ನದಿ ನೀರಲ್ಲಿ ಪತ್ತೆ ಮಾಡಿದರು. ಅದರ ಜಾತಿಯ ಬೇರೆ ಲೋಹಗಳೆಲ್ಲ ಎಂದಿನಷ್ಟೇ ಇದ್ದವು, ಗ್ಯಾಡೊಲಿನಿಯಂ ಮಾತ್ರ ಜಾಸ್ತಿ. ಜಾಡು ಎಂಆರ್‌ಐ ಕೇಂದ್ರಗಳತ್ತ ತೋರಿಸಿತು. ಮುಂದೆ ಬರ್ಲಿನ್‌ನ ನಲ್ಲಿ ನೀರಲ್ಲೂ ಅದು ಸಿಕ್ಕಿತು. ಪ್ರಮಾಣ ತೀರಾ ಕಡಿಮೆ ಇತ್ತು, ನಿಜ. ಆದರೆ ಸ್ಕ್ಯಾನ್‌ಗಳು ಹೆಚ್ಚುತ್ತಲೇ ಇವೆ ಅಲ್ವಾ?

ಸಿಟಿ ಸ್ಕ್ಯಾನ್‌ಗೆ ಕೊಡುವ ಅಯೋಡಿನ್ ಔಷಧಿಯದ್ದೂ ಇದೇ ಕತೆ. ನೆದರ್ಲೆಂಡ್ಸ್‌ನಲ್ಲಿ, ಜರ್ಮನಿಯಲ್ಲಿ ರೋಗಿಗಳ ಕೈಗೆ ಮೂತ್ರದ ಚೀಲ ಕೊಟ್ಟು ನೋಡಿದ್ದಾರೆ. ಒಳಗಿನ ಪುಡಿ ಮೂತ್ರವನ್ನು ಹೀರಿ ಗಟ್ಟಿ ಮಾಡುತ್ತದೆ. ಚೀಲವನ್ನು ಕಸದ ಬುಟ್ಟಿಗೆ ಹಾಕಿದರಾಯಿತು, ಚರಂಡಿಗೆ ಹೋಗುವುದಿಲ್ಲ. ಇಷ್ಟು ಸುಲಭದ ಕೆಲಸ ಎಲ್ಲ ಕಡೆ ಯಾಕೆ ಆಗಬಾರದು? 2022ರಲ್ಲಿ ಶಾಂಘೈ ಲಾಕ್‌ಡೌನ್‌ನಿಂದ ಅಲ್ಲಿನ ಕಾರ್ಖಾನೆ ಮುಚ್ಚಿ ಅಯೋಡಿನ್ ಔಷಧಿಗೆ ಬರ ಬಂದಾಗ ಎಷ್ಟೋ ಆಸ್ಪತ್ರೆಗಳು ತೂಕ ನೋಡಿ ಡೋಸ್ ಕೊಡತೊಡಗಿದವು, ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲುವುದನ್ನು ಬಿಟ್ಟವು.

ಇನ್ನು ಕರೆಂಟ್. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ಆಸ್ಪತ್ರೆ 2020ರಲ್ಲಿ ತನ್ನ ಯಂತ್ರಗಳ ಲೆಕ್ಕ ಪ್ರಕಟಿಸಿತು. ಸಿಟಿ ಯಂತ್ರ ಬಳಸಿದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಎರಡು ಪಾಲು ರೋಗಿಯೇ ಇಲ್ಲದೆ ಸುಮ್ನೆ ಆನ್ ಆಗಿದ್ದಾಗ ಹೋಗಿತ್ತು. ಎಂಆರ್‌ಐ ಯಂತ್ರವನ್ನಂತೂ ಪೂರ್ತಿ ಆರಿಸುವ ಹಾಗೇ ಇಲ್ಲ. ಅದರ ಅಯಸ್ಕಾಂತವನ್ನು ದ್ರವ ಹೀಲಿಯಂನಲ್ಲಿ ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇಡಬೇಕು, ಹಾಗಾಗಿ ತಂಪು ಮಾಡುವ ಪಂಪು ಹಗಲು ರಾತ್ರಿ ಓಡುತ್ತಿರುತ್ತದೆ.

ಆಸ್ಟ್ರೇಲಿಯಾದ 2022ರ ಅಧ್ಯಯನದ ಪ್ರಕಾರ ಒಂದು ಎಂಆರ್‌ಐನಿಂದ 17.5 ಕಿಲೋ, ಸಿಟಿಯಿಂದ 9.2 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ ಗಾಳಿಗೆ ಸೇರುತ್ತದೆ. ಅಲ್ಟ್ರಾಸೌಂಡ್‌ನಿಂದ ಬರೀ ಅರ್ಧ ಕಿಲೋ. ಹಾಗಾಗಿ ಯಾವ ಸ್ಕ್ಯಾನ್ ಬರೆಯುತ್ತಾರೆ, ನಿಜಕ್ಕೂ ಬೇಕೇ ಅನ್ನುವುದೇ ದೊಡ್ಡ ಪ್ರಶ್ನೆ. ಸಾಮಾನ್ಯ ಸೊಂಟನೋವಿಗೆ, ಅಪಾಯದ ಲಕ್ಷಣ ಇಲ್ಲದಿದ್ದರೆ, ಮೊದಲ ಆರು ವಾರ ಸ್ಕ್ಯಾನ್ ಬೇಡ ಎನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ನಮ್ಮಲ್ಲಿ ಎಷ್ಟೋ ಜನ ವಾರ ಕಳೆಯುವ ಮೊದಲೇ ಎಂಆರ್‌ಐ ಮಾಡಿಸಿಬಿಡುತ್ತಾರೆ. ಡಾಕ್ಟರು ಬರೆಯದಿದ್ದರೆ ತಾವೇ ಕೇಳಿ ಬರೆಸಿಕೊಳ್ಳುತ್ತಾರೆ.